ನೂಲು ಕಚ್ಚುವ ಹಲ್ಲು

ನನ್ನ ಬ್ಯಾಗಿನಲ್ಲಿ ಒಂದು ಪುಟ್ಟ ಯಂತ್ರ ಇರುತ್ತದೆ. ಟಿವಿ ರಿಮೋಟಿಗಿಂತ ಸ್ವಲ್ಪ ದಪ್ಪ, ಅದಕ್ಕೊಂದು ಮೂತಿ. ಚಿಕ್ಕಬಳ್ಳಾಪುರದ ಮನೆಯಿಂದ ವಾರದಲ್ಲಿ ಒಂದು ದಿನ ಗೌರಿಬಿದನೂರಿಗೆ, ಇನ್ನೊಂದು ದಿನ ಚಿಂತಾಮಣಿಗೆ, ಮತ್ತೊಂದು ದಿನ ಶಿಡ್ಲಘಟ್ಟಕ್ಕೆ ನನ್ನ ಜೊತೆ ಅದೂ ಓಡಾಡುತ್ತದೆ. ನಾನು ಹಲ್ಲಿನ ಡಾಕ್ಟರು. ಹಲ್ಲು ಹೋದ ಜಾಗದಲ್ಲಿ ದವಡೆಯ ಮೂಳೆಗೆ ಟೈಟೇನಿಯಂ ಲೋಹದ ಸಣ್ಣ ತಿರುಪು ಇಳಿಸಿ, ಅದರ ಮೇಲೆ ಹೊಸ ಹಲ್ಲು ಕೂರಿಸುವುದು ನನ್ನ ಕೆಲಸ. ಅದಕ್ಕೆ ಇಂಪ್ಲಾಂಟ್ ಅನ್ನುತ್ತೇವೆ. ಈ ಊರುಗಳಲ್ಲೆಲ್ಲ ನನ್ನ ಜೊತೆ ಓದಿದವರ ಕ್ಲಿನಿಕ್ಕುಗಳಿವೆ. ಅವರು ರೋಗಿಗಳನ್ನು ಬರಹೇಳಿರುತ್ತಾರೆ, ನಾನು ಹೋಗಿ ಮಾಡಿ ಬರುತ್ತೇನೆ.

ತಿರುಪು ಇಳಿಸುವುದನ್ನು ಕೈ ಕಲಿತುಬಿಡುತ್ತದೆ. ಅದು ನಿಂತಿದೆಯೋ ಇಲ್ಲವೋ ಎಂದು ತಿಳಿಯುವುದೇ ಕಷ್ಟ. ಮೊದಲೆಲ್ಲ ಕನ್ನಡಿಯ ಹಿಡಿಯಿಂದ ಮೆಲ್ಲಗೆ ತಟ್ಟಿ ಸದ್ದು ಕೇಳುತ್ತಿದ್ದೆವು. ಗಟ್ಟಿಯಾಗಿದ್ದರೆ ಒಂದು ಸದ್ದು, ಸಡಿಲವಿದ್ದರೆ ಇನ್ನೊಂದು. ಕಿವಿ ನಮ್ಮದು, ಆಸೆಯೂ ನಮ್ಮದೇ ಆದ್ದರಿಂದ ಬೇಕಾದ ಸದ್ದೇ ಕೇಳುತ್ತಿತ್ತು. ಈಗ ಈ ಯಂತ್ರ ಬಂದಿದೆ. ತಿರುಪಿನ ತಲೆಗೆ ಒಂದು ಪುಟಾಣಿ ಕಡ್ಡಿ ಸಿಕ್ಕಿಸಿ, ಯಂತ್ರದ ಮೂತಿಯನ್ನು ಅದರ ಹತ್ತಿರ ಹಿಡಿಯುತ್ತೇನೆ, ಮುಟ್ಟಿಸುವುದಿಲ್ಲ. ಕಡ್ಡಿಯ ತುದಿಯಲ್ಲಿ ಅಯಸ್ಕಾಂತವಿದೆ, ಅದು ಕಣ್ಣಿಗೆ ಕಾಣದ ಹಾಗೆ ಕಂಪಿಸುತ್ತದೆ. ಎಷ್ಟು ಬಿಗಿಯಾಗಿ ಕಂಪಿಸಿತು ಎಂಬುದನ್ನು ಯಂತ್ರ ಒಂದು ಅಂಕಿಯಲ್ಲಿ ಹೇಳುತ್ತದೆ. ಅಂಕಿ ಎಪ್ಪತ್ತರ ಹತ್ತಿರವಿದ್ದರೆ ನೆಮ್ಮದಿ, ಅರವತ್ತರ ಕೆಳಗಿಳಿದರೆ ಚಿಂತೆ. ಚಿಂತಾಮಣಿಯ ಟೊಮ್ಯಾಟೊ ಮಂಡಿಯ ಯಜಮಾನರೊಬ್ಬರು ಬಾಯಿ ತೆರೆದುಕೊಂಡು ಮಲಗಿದ್ದವರು ಯಂತ್ರ ಕೀ ಎಂದದ್ದೇ ತಡ, ಎದ್ದು ಕೂತು "ಎಷ್ಟಕ್ಕೆ ನಿಲ್ತು ಮೇಡಂ?" ಅಂದಿದ್ದರು. ಹರಾಜಿನ ಬಾಯಿ, ಸುಮ್ಮನಿರುತ್ತದೆಯೇ. ನಗರಗೆರೆ ಕಡೆಯ ರೈತರೊಬ್ಬರಿಗೆ ಇದು ಎತ್ತು ಕಟ್ಟುವ ಗೂಟ ಅಲ್ಲಾಡಿಸಿ ನೋಡಿದ ಹಾಗೆ ಕಂಡಿತು. ಅಲ್ಲಾಡಿಸದೆಯೇ ನೋಡುವ ಗೂಟ ಅಂದೆ. "ಅದೆಂಗಮ್ಮ ಆಯ್ತದೆ" ಎಂದು ಅವರು ನಂಬಲೇ ಇಲ್ಲ.

ನಿಜ ಹೇಳಬೇಕೆಂದರೆ ನನಗೂ ಪೂರ್ತಿ ನಂಬಿಕೆ ಬಂದಿಲ್ಲ. ಯಂತ್ರದ ವಿಷಯದಲ್ಲಲ್ಲ, ಮೂಳೆಯ ವಿಷಯದಲ್ಲಿ. ತಿರುಪು ಇಳಿಸಿದ ದಿನ ಅದನ್ನು ಹಿಡಿದಿರುವುದು ಬರೀ ಬಿಗಿ, ಮರಕ್ಕೆ ಸ್ಕ್ರೂ ಹೊಡೆದ ಹಾಗೆ. ಆಮೇಲೆ ಮೂಳೆ ತನ್ನ ಕೆಲಸಕ್ಕಿಳಿಯುತ್ತದೆ. ತಿರುಪಿನ ಸುತ್ತ ಜಜ್ಜಿಹೋದ ಹಳೆಯ ಮೂಳೆಯನ್ನು ಮೊದಲು ಕರಗಿಸಿ ಸಾಗಹಾಕುತ್ತದೆ. ಹೊಸದನ್ನು ಕಟ್ಟುವುದು ಅದರ ಬೆನ್ನಿಗೆ. ಹಾಗಾಗಿ ನಡುವೆ ಕೆಲವು ವಾರ ಅಂಕಿ ಇಳಿಯುತ್ತದೆ. ಹಳೆಯ ಹಿಡಿತ ಹೋಗಿದೆ, ಹೊಸ ಹಿಡಿತ ಇನ್ನೂ ಬಂದಿಲ್ಲ. ಆ ವಾರಗಳಲ್ಲಿ ಹಲ್ಲು ನಿಜಕ್ಕೂ ಯಾರ ಕೈಯಲ್ಲೂ ಇಲ್ಲ. ಆಮೇಲೆ ಅಂಕಿ ಒಂದೊಂದಾಗಿ ಮೇಲೇಳುತ್ತದೆ. ಎಲ್ಲೋ ಕಾರ್ಖಾನೆಯಲ್ಲಿ ಕಡೆದ ಲೋಹವನ್ನು ಶಿಡ್ಲಘಟ್ಟದ ಒಂದು ದವಡೆ ತನ್ನದೆಂದು ತಬ್ಬಿಕೊಳ್ಳುತ್ತದೆ. ಯಾರೂ ಹೇಳಿಕೊಟ್ಟಿಲ್ಲ, ಯಾರೂ ಮೇಲ್ವಿಚಾರಣೆ ಮಾಡುತ್ತಿಲ್ಲ. ಇಷ್ಟು ವರ್ಷವಾದರೂ ಅಂಕಿ ಏರಿದ್ದು ಕಂಡಾಗ ನನಗೆ ಮೈ ಜುಮ್ಮೆನ್ನುತ್ತದೆ, ಮುಖಕ್ಕೆ ಮಾಸ್ಕ್ ಇರುವುದರಿಂದ ಮರ್ಯಾದೆ ಉಳಿದಿದೆ.

ಈ ಬೆರಗನ್ನು ನಾನು ಅತಿ ಹತ್ತಿರದಿಂದ ಕಂಡದ್ದು ಶಿಡ್ಲಘಟ್ಟದಲ್ಲಿ, ಒಬ್ಬ ಹೆಂಗಸಿನ ಬಾಯಲ್ಲಿ. ಅವರು ರೇಷ್ಮೆ ನೂಲಿಗೆ ಹುರಿ ಹಾಕುವ ಕಾರ್ಖಾನೆಯಲ್ಲಿ ಕೆಲಸ ಮಾಡುವವರು. ಉರ್ದು ಮನೆಮಾತು, ಕನ್ನಡವನ್ನು ನನಗಿಂತ ಜೋರಾಗಿ ಆಡುತ್ತಾರೆ. ವಯಸ್ಸಿನಲ್ಲಿ ನನಗಿಂತ ದೊಡ್ಡವರಾದ್ದರಿಂದ ಅವರ ಮಾತಿನಲ್ಲೇ ಅಕ್ಕ ಅನ್ನುವ ಹಾಗೆ ಆಪಾ ಎಂದೇ ಕರೆಯುತ್ತಿದ್ದೆ. ಕೆಲವು ವರ್ಷಗಳ ಹಿಂದೆ ಒದ್ದೆ ನೆಲದ ಮೇಲೆ ಜಾರಿ ಬಿದ್ದು ಮೇಲಿನ ಸಾಲಿನ ಎಡಗಡೆಯ ಮುಂದಿನ ಹಲ್ಲು ಕಳೆದುಕೊಂಡಿದ್ದರು. ಮೊದಲ ಸಲ ಬಂದಾಗ ಇಡೀ ಹೊತ್ತು ಸೆರಗಿನ ತುದಿಯನ್ನು ತುಟಿಗೆ ಒತ್ತಿಕೊಂಡೇ ಮಾತಾಡಿದರು. ಹಲ್ಲು ಯಾಕೆ ಬೇಕು ಎಂದು ಕೇಳಿದ್ದಕ್ಕೆ ತಿನ್ನುವುದಕ್ಕೆ ಅನ್ನಲಿಲ್ಲ, ಚೆಂದಕ್ಕೆ ಅಂತಲೂ ಅನ್ನಲಿಲ್ಲ.

"ನಗೋಕೆ ಮೇಡಂ" ಅಂದರು. "ನಮ್ಮ ಮೆಷಿನ್ ಹಾಲಲ್ಲಿ ಎಲ್ಲಾ ನಗ್ತಾರೆ. ನಾನು ಬಾಯಿ ಮುಚ್ಕೊಂಡು ನಗ್ತೀನಿ. ಕೈಯಲ್ಲಿ ನೂಲಿರುತ್ತೆ, ಮುಚ್ಚೋಕೆ ಮೂರನೇ ಕೈ ಎಲ್ಲಿಂದ ತರಲಿ?"

ಅವರ ದವಡೆಯ ಮೂಳೆ ಆ ಜಾಗದಲ್ಲಿ ಸವೆದು ತೆಳುವಾಗಿತ್ತು. ಒಂದು ತಿರುಪಿಗೆ ಸಾಕಾಗುವಷ್ಟು ಇತ್ತು, ಅಷ್ಟೇ. ಇದು ಸೋತು ಕಿತ್ತು ಬಂದರೆ ಜೊತೆಗೆ ಉಳಿದ ಮೂಳೆಯನ್ನೂ ಕೊಂಡೊಯ್ಯುತ್ತದೆ, ಆಮೇಲೆ ಇನ್ನೊಂದು ಇಳಿಸಲು ನೆಲವೇ ಇರುವುದಿಲ್ಲ. ಇದನ್ನು ಅವರಿಗೆ ಮೊದಲೇ ಹೇಳಿದೆ. ಅವರು ತಲೆಯಾಡಿಸಿದರು.

ತಿರುಪು ಚೆನ್ನಾಗಿಯೇ ಇಳಿಯಿತು, ಅಂಕಿ ಎಪ್ಪತ್ತರ ಹತ್ತಿರ ಬಂತು. ಮುಂದಿನ ಹಲ್ಲಾದ್ದರಿಂದ ಬರಿಜಾಗ ಬಿಟ್ಟು ಕಳಿಸಲು ಮನಸ್ಸಾಗಲಿಲ್ಲ. ಹಿಂದೆಂದೋ ಯಾರೋ ತೆಗೆದು ಹಾಕುವ ಪ್ಲೇಟಿನ ಹಲ್ಲು ಮಾಡಿಕೊಟ್ಟಿದ್ದರಂತೆ, ಅದು ಒಂದು ದಿನ ನಗುವಾಗ ಕಳಚಿ ಮೆಷಿನ್ನಿನ ಅಡಿಗೆ ಉರುಳಿಹೋಗಿತ್ತಂತೆ. ಅದರ ಹೆಸರೆತ್ತಬೇಡಿ ಅಂದರು. ಸರಿ, ತಿರುಪಿನ ಮೇಲೇ ಒಂದು ತಾತ್ಕಾಲಿಕ ಹಲ್ಲು ಕೂರಿಸಿ, ಕೆಳಗಿನ ಹಲ್ಲಿಗೆ ತಾಗದ ಹಾಗೆ ಉಜ್ಜಿ ಕೊಟ್ಟೆ. ಇದು ನೋಡೋಕೆ ಮಾತ್ರ, ಕೆಲಸಕ್ಕಲ್ಲ ಎಂದು ಹತ್ತು ರೀತಿ ಹೇಳಿದೆ. ಇದರಲ್ಲಿ ಏನನ್ನೂ ತಿನ್ನಬಾರದು, ಚಪಾತಿ ಕೂಡ ಹಿಂದಿನ ಹಲ್ಲಲ್ಲೇ. ಮುದ್ದೆ ಆಗಬಹುದು, ನಮ್ಮ ಕಡೆಯ ರೋಗಿಗಳಿಗೆ ಅದೊಂದು ಅನುಕೂಲ, ಅಗಿಯುವ ಗೋಜೇ ಇಲ್ಲದೆ ನುಂಗಿಬಿಡುತ್ತಾರೆ. ಆಪಾ ಕನ್ನಡಿಯಲ್ಲಿ ಹಲ್ಲು ನೋಡಿಕೊಂಡರು. ಸೆರಗನ್ನು ತುಟಿಯ ಕಡೆಗೆ ಎತ್ತಿದವರು ಅರ್ಧದಲ್ಲೇ ಇಳಿಸಿದರು.

ಕೆಲವು ವಾರ ಬಿಟ್ಟು ಬಂದಾಗ ಅಂಕಿ ಇಳಿದಿತ್ತು. ಇಳಿಯುವ ಕಾಲವೇ, ನಾನು ಗಾಬರಿಯಾಗಲಿಲ್ಲ. ಅದರ ಮುಂದಿನ ಸಲ ಏರಬೇಕಾಗಿತ್ತು. ತಾತ್ಕಾಲಿಕ ಹಲ್ಲು ಬಿಚ್ಚಿ, ಕಡ್ಡಿ ಸಿಕ್ಕಿಸಿ, ಯಂತ್ರ ಹಿಡಿದರೆ ಅಂಕಿ ಇನ್ನೂ ಕೆಳಗಿತ್ತು. ಬೇರೆ ದಿಕ್ಕಿನಿಂದ ಹಿಡಿದೆ, ಐವತ್ತರ ಆಸುಪಾಸಿಗೆ ಬಂತು. ತಟ್ಟಿ ನೋಡಿದೆ. ಆ ಸದ್ದು ನನಗೆ ಹಿಡಿಸಲಿಲ್ಲ. ಆಪಾ ಮಾತಾಡಲಾಗದೆ ಬಾಯಿ ತೆರೆದು ಮಲಗಿದ್ದರು, ಕಣ್ಣು ಮಾತ್ರ ಯಂತ್ರದ ಕಡೆ ಹೋಗದೆ ನನ್ನ ಹುಬ್ಬಿನ ಮೇಲೆ ನೆಟ್ಟಿತ್ತು. ಅಂಕಿ ಓದಲು ಅವರಿಗೆ ನನ್ನ ಹುಬ್ಬು ಸಾಕಾಗಿತ್ತು.

ಹಲ್ಲು ಮತ್ತೆ ಕೂರಿಸಿ ಅವರನ್ನು ಎಬ್ಬಿಸಿ ಕೂರಿಸಿದೆ. ನನಗೆ ಮೂಗಿನ ತುದಿಯಲ್ಲೇ ಕೋಪ. ರೋಗಿಗಳು ಡಾಕ್ಟರ ಹತ್ತಿರ ಸುಳ್ಳು ಹೇಳಿದರೆ ಅದು ನೆತ್ತಿಗೇರುತ್ತದೆ.

"ನಿಜ ಹೇಳಿ ಆಪಾ. ಏನು ಕಚ್ಚಿದ್ರಿ?"

"ಏನೂ ಇಲ್ಲ ಮೇಡಂ."

"ಏನೋ ಕಚ್ಚಿದೀರಿ. ಮೂಳೆ ಸುಮ್‌ಸುಮ್ನೆ ಕೈ ಬಿಡಲ್ಲ. ಹೀಗೇ ಆದ್ರೆ ಹಲ್ಲು ಹೋಗುತ್ತೆ, ಇನ್ನೊಂದು ಹಾಕೋಕೆ ಆಗಲ್ಲ ಅಂತ ಮೊದಲೇ ಹೇಳಿದೀನಿ ತಾನೆ?"

"ಅಲ್ಲಾ ಕಸಂ ಮೇಡಂ, ಮನೇಲಿ ಬಿರಿಯಾನಿ ಮಾಡಿದ ದಿನ ನಾನು ಬರೀ ಅನ್ನ ನುಂಗಿದೀನಿ, ಪೀಸು ಮುಟ್ಟಿಲ್ಲ. ಬೇಕಾದ್ರೆ ಮನೆಯವರನ್ನ ಕೇಳಿ."

ಮಾತಾಡುತ್ತಲೇ ಅವರ ಕಣ್ಣು ನನ್ನ ಬಿಳಿ ಕೋಟಿನ ತೋಳಿಗೆ ಹೋಯಿತು. ಗುಂಡಿ ಹೊಲಿದ ಕಡೆ ದಾರವೊಂದು ಜೋತಾಡುತ್ತಿತ್ತು. ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡರು, ಬಲಗೈ ಬೆರಳಿಗೆ ದಾರ ಸುತ್ತಿ ಎಳೆದು ಬಿಗಿಮಾಡಿದರು, ಬಗ್ಗಿದರು, ಕಟ್ಟೆಂದು ಕಚ್ಚಿದರು. ನಾಲಿಗೆಯ ತುದಿಯಿಂದ ಚೂರನ್ನು ತೆಗೆದು ಟ್ರೇಯಲ್ಲಿಟ್ಟು ತೋಳನ್ನು ನೇವರಿಸಿ ಬಿಟ್ಟರು. "ನಾನ್ಯಾಕೆ ಸುಳ್ಳು ಹೇಳ್ಲಿ, ಏನೂ ಕಚ್ಚಿಲ್ಲ ಮೇಡಂ" ಎಂದು ಮಾತು ಮುಗಿಸಿದರು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಈಗೇನು ಮಾಡಿದ್ರಿ ಆಪಾ?"

"ಏನ್ ಮಾಡ್ದೆ? ದಾರ ಜೋತಾಡ್ತಿತ್ತು."

"ಯಾವ ಹಲ್ಲಲ್ಲಿ ತೆಗೆದ್ರಿ?"

ಅವರ ಬೆರಳು ತುಟಿಯ ಹತ್ತಿರ ಹೋಯಿತು, ಅಲ್ಲೇ ನಿಂತಿತು. ಮುಖ ಬಿಳಿಚಿಕೊಂಡಿತು. "ಅದು ತಿನ್ನೋದಲ್ಲವಲ್ಲ ಮೇಡಂ" ಅಂದರು.

ಅವರು ಸುಳ್ಳು ಹೇಳಿರಲಿಲ್ಲ. ಹುರಿ ಹಾಕುವ ಮೆಷಿನ್ನಿನಲ್ಲಿ ಎಳೆಗಳು ಕಡಿಯುತ್ತಲೇ ಇರುತ್ತವೆ. ಕಡಿದ ಎರಡು ತುದಿ ಹುಡುಕಿ ಗಂಟು ಹಾಕಬೇಕು, ಗಂಟಿನಾಚೆ ಉಳಿದದ್ದನ್ನು ಕತ್ತರಿಸಬೇಕು. ಎರಡು ಕೈಯೂ ನೂಲಲ್ಲಿರುವಾಗ ಕತ್ತರಿ ಯಾರು ಹಿಡಿಯುತ್ತಾರೆ, ಬಾಯೇ ಕತ್ತರಿ. ಹಲ್ಲು ಹೋದಾಗ ಪಕ್ಕದ ಹಲ್ಲಿಗೆ ಆ ಕೆಲಸ ಒಪ್ಪಿಸಿ ಹೇಗೋ ಸಂಭಾಳಿಸಿದ್ದರು. ಹೊಸ ಹಲ್ಲು ಬಂದದ್ದೇ ತಡ, ನೂಲು ತಾನಾಗಿಯೇ ತನ್ನ ಹಳೆಯ ಜಾಗಕ್ಕೆ ವಾಪಸಾಗಿತ್ತು. ಅವರಿಗೆ ಗೊತ್ತೂ ಆಗಿರಲಿಲ್ಲ. ಬಾಯಿ ಮುಚ್ಚಿದಾಗ ತಾಗದ ಹಾಗೆ ನಾನು ಉಜ್ಜಿದ್ದ ಹಲ್ಲು, ನೂಲಿಗಾಗಿ ಕೆಳದವಡೆ ಮುಂದೆ ಚಾಚಿದಾಗ ತಾಗುತ್ತಿತ್ತು. ರೇಷ್ಮೆ ಎಳೆ ನೋಡಲು ಏನೂ ಅಲ್ಲ, ಎಳೆದು ನೋಡಿದವರಿಗೆ ಅದರ ಶಕ್ತಿ ಗೊತ್ತು. ದಿನವಿಡೀ, ಪ್ರತಿ ಗಂಟಿಗೊಮ್ಮೆ, ಹೊಸ ಮೂಳೆ ಕಟ್ಟಿಕೊಳ್ಳಲು ಹವಣಿಸುತ್ತಿದ್ದ ತಿರುಪನ್ನು ಅದು ಪಕ್ಕಕ್ಕೆ ಜಗ್ಗುತ್ತಿತ್ತು. ಮೂಳೆ ಎಲ್ಲ ಸಹಿಸುತ್ತದೆ, ಈ ಸಣ್ಣ ಅಲುಗಾಟವನ್ನು ಮಾತ್ರ ಸಹಿಸುವುದಿಲ್ಲ.

ಹಲ್ಲು ಬಿಚ್ಚಿ, ಒಸಡು ಮುಚ್ಚಿ ಕಳಿಸುತ್ತೇನೆ ಅಂದೆ. ಪುಸ್ತಕದಲ್ಲಿರುವುದು ಅದೇ. ಆಪಾ ನನ್ನ ಎರಡೂ ಕೈ ಹಿಡಿದುಕೊಂಡರು.

"ಬೇಡ ಮೇಡಂ. ಮತ್ತೆ ಬಾಯಿ ಮುಚ್ಕೊಂಡು ಹಾಲಿಗೆ ಹೋಗಲ್ಲ. ಇನ್ಮೇಲೆ ಆ ಕಡೆ ಕಚ್ತೀನಿ. ಬಲಗಡೆ."

"ನಿಮಗೆ ಈಗ ಕಚ್ಚಿದ್ದೇ ಗೊತ್ತಾಗಲಿಲ್ಲ. ಅಲ್ಲಿ ಗೊತ್ತಾಗುತ್ತಾ?"

ಅವರು ಯೋಚಿಸಿದರು. "ನನಗೆ ಗೊತ್ತಾಗಲ್ಲ. ಅವರಿಗೆ ಗೊತ್ತಾಗುತ್ತೆ" ಅಂದರು.

ಅವರು ಅಂದರೆ ಯಾರು ಎಂದು ನೋಡಲು ಆವತ್ತು ಸಂಜೆ ಅವರ ಜೊತೆಗೇ ಹೋದೆ. ಕಾರ್ಖಾನೆ ಕ್ಲಿನಿಕ್ಕಿನ ಹಿಂದಿನ ಬೀದಿಯಲ್ಲೇ ಇತ್ತು. ಉದ್ದನೆಯ ಹಾಲು, ಎರಡು ಸಾಲು ಮೆಷಿನ್ನು, ಕಿವಿಗಡಚಿಕ್ಕುವ ಸದ್ದು, ನಡುವೆ ಅದಕ್ಕಿಂತ ಜೋರಾಗಿ ಮಾತಾಡುವ ಹೆಂಗಸರು. ಆಪಾ ಪಕ್ಕದ ಮೆಷಿನ್ನಿನವರು ತೆಲುಗು ಮನೆಮಾತಿನವರು, ಹಣೆಗೆ ದೊಡ್ಡ ಕುಂಕುಮ, ಆಪಾಗೆ ಗೆಳತಿ. ನಾನು ಗಂಟಲು ಹರಿದುಕೊಂಡು ವಿಷಯ ಹೇಳಿದೆ. ನೂಲು ಕಚ್ಚಿದರೆ ಹಲ್ಲು ಬೀಳುತ್ತೆ ಅಂದದ್ದಕ್ಕೆ ಮೊದಲು ಎಲ್ಲರೂ ನಕ್ಕರು. ಆಮೇಲೆ ಆ ಗೆಳತಿ ಮೇಲಿನ ತುಟಿ ಎತ್ತಿ ತೋರಿಸಿದರು. ಮುಂದಿನ ಹಲ್ಲಿನ ಅಂಚಿನಲ್ಲಿ ಎಳೆ ಕೂರುವಷ್ಟು ಸಣ್ಣ ಕಚ್ಚು. ಪಕ್ಕದವರೂ ತುಟಿ ಎತ್ತಿದರು, ಅವರಲ್ಲೂ ಇತ್ತು. ಸಾಲಿಗೆ ಸಾಲೇ ತುಟಿ ಎತ್ತಿ ನಿಂತಿತು. ರೇಷ್ಮೆಯಷ್ಟು ಮೆತ್ತಗಿನ ವಸ್ತು ಹಲ್ಲಿನಷ್ಟು ಗಟ್ಟಿಯಾದದ್ದನ್ನು ಸವೆಸಿತ್ತು. ನಾನು ಅಷ್ಟು ಹಲ್ಲುಗಳ ಎದುರು ಬೆಪ್ಪಾಗಿ ನಿಂತಿದ್ದೆ.

"ನೀವು ಹೋಗಿ ಬನ್ನಿ ಡಾಕ್ಟ್ರಮ್ಮ" ಅಂದರು ಗೆಳತಿ. "ಈವಮ್ಮನ ಬಾಯಿ ನಾವು ನೋಡ್ಕೊಂತೀವಿ."

ಆಪಾರನ್ನು ಮತ್ತೆ ಕ್ಲಿನಿಕ್ಕಿಗೆ ಕರೆತಂದು ತಾತ್ಕಾಲಿಕ ಹಲ್ಲನ್ನು ಇನ್ನಷ್ಟು ಗಿಡ್ಡ ಮಾಡಿ, ಅಂಚನ್ನು ನುಣುಪಾಗಿ ಉಜ್ಜಿ, ದೇವರ ಮೇಲೆ ಭಾರ ಹಾಕಿದೆ. ನನಗೆ ಧೈರ್ಯವಿರಲಿಲ್ಲ. ಮುಂದಿನ ವಾರ ಶಿಡ್ಲಘಟ್ಟಕ್ಕೆ ಹೋದಾಗ ಕ್ಲಿನಿಕ್ಕಿಗೆ ಹೋಗುವ ಮೊದಲು ಆ ಬೀದಿಗೆ ಹೋಗಿ, ಹಾಲಿನ ಕಿಟಕಿಯ ಹೊರಗೆ ನಿಂತೆ. ಕದ್ದು ನೋಡುವ ಉದ್ದೇಶವೇ ಇತ್ತು, ಸುಳ್ಳೇಕೆ ಹೇಳಲಿ.

ಆಪಾ ಎಳೆ ಗಂಟು ಹಾಕಿದರು. ಕೈ ಬಾಯಿಯ ಕಡೆ ಏರಿತು. ಅವರ ಗಮನವೆಲ್ಲ ಮುಂದಿನ ಎಳೆಯ ಮೇಲಿತ್ತು.

"ಆ ಪಕ್ಕ" ಅಂದರು ತೆಲುಗಿನ ಗೆಳತಿ, ತಮ್ಮ ಮೆಷಿನ್ನಿನಿಂದ ತಲೆ ಎತ್ತದೆ.

ಕೈ ಬಲಗಡೆಗೆ ಸರಿಯಿತು, ಕಟ್ಟೆಂದಿತು. ಸ್ವಲ್ಪ ಹೊತ್ತಿಗೆ ಮತ್ತೆ ಎಳೆ, ಮತ್ತೆ ಗಂಟು, ಮತ್ತೆ ಕೈ ಎಡಕ್ಕೆ. ಈ ಸಲ ಎದುರು ಸಾಲಿನಿಂದ ಯಾರೋ "ಉದರ್" ಅಂದರು. ಇನ್ನೊಮ್ಮೆ ಮೂಲೆಯಿಂದ "ಆ ಕಡೆ ಕಣಮ್ಮ" ಎಂದು ಬಂತು. ಮೂರು ಭಾಷೆಯಲ್ಲಿ, ಬೇಸರವಿಲ್ಲದೆ, ತಮ್ಮ ತಮ್ಮ ಎಳೆಗಳನ್ನು ಕಚ್ಚುತ್ತಲೇ, ಇಡೀ ಹಾಲು ಒಂದು ಹಲ್ಲನ್ನು ಕಾಯುತ್ತಿತ್ತು. ನಾನು ಎಷ್ಟೋ ಕಾನ್ಫರೆನ್ಸುಗಳಲ್ಲಿ ದೊಡ್ಡ ದೊಡ್ಡ ಡಾಕ್ಟರುಗಳು ಪರದೆಯ ಮೇಲೆ ತೋರಿಸಿದ ಇಂಪ್ಲಾಂಟುಗಳನ್ನು ನೋಡಿದ್ದೇನೆ. ಇಂಥ ಶುಶ್ರೂಷೆ ಎಲ್ಲೂ ಕಂಡಿರಲಿಲ್ಲ. ಬ್ಯಾಗಿನಲ್ಲಿದ್ದ ಯಂತ್ರ ಹೊರಗಿನಿಂದ ಕೇಳಬಲ್ಲದು, ಅಷ್ಟೇ. ಒಳಗೆ ಮೂಳೆ ಕಟ್ಟುತ್ತಿತ್ತು, ಇಲ್ಲಿ ಇವರು ಕಟ್ಟುತ್ತಿದ್ದರು. ಕಣ್ಣು ಮಂಜಾಗಿ, ಕ್ಲಿನಿಕ್ಕಿಗೆ ತಡವಾಗಿ ಹೋದೆ.

ಆದರೂ ಮೂಳೆಗೆ ನಮ್ಮ ಪ್ರೀತಿ ಅರ್ಥವಾಗಬೇಕೆಂದೇನಿಲ್ಲ. ಅದಾದ ಮೇಲಿನ ಭೇಟಿಯಲ್ಲಿ ಅಂಕಿ ಏರಿರಲಿಲ್ಲ. ಇಳಿದೂ ಇರಲಿಲ್ಲ. ಇದ್ದಲ್ಲೇ ನಿಂತಿತ್ತು. ನಾನು ಹುಬ್ಬನ್ನು ಅಲುಗಿಸದೆ ಇರಲು ಪಟ್ಟ ಪಾಡು ನನಗೇ ಗೊತ್ತು. ಚಿಂತಾಮಣಿಯಲ್ಲಿ, ಗೌರಿಬಿದನೂರಿನಲ್ಲಿ ಬೇರೆಯವರ ಬಾಯಲ್ಲಿ ಯಂತ್ರ ಹಿಡಿದಾಗಲೂ ಆ ಅಂಕಿಯೇ ಕಣ್ಣ ಮುಂದೆ ಬರುತ್ತಿತ್ತು. ಮಂಡಿಯ ಯಜಮಾನರು "ಯಾಕ್ ಮೇಡಂ, ರೇಟ್ ಬಿದ್ದೋಯ್ತಾ?" ಎಂದು ನನ್ನ ಮುಖ ನೋಡಿ ಕೇಳಿದರು. ಅವರ ಹಲ್ಲು ಕಲ್ಲಿನ ಹಾಗೆ ನಿಂತಿತ್ತು.

ಇನ್ನೂ ಕೆಲವು ವಾರ ಕಳೆದವು. ಒಂದು ದಿನ ಆಪಾ ಬಂದು ಎಂದಿನಂತೆ ಮಲಗಿದರು. ಹಲ್ಲು ಬಿಚ್ಚಿದೆ, ಕಡ್ಡಿ ಸಿಕ್ಕಿಸಿದೆ, ಯಂತ್ರ ಹಿಡಿದೆ. ಕೀ ಎಂದಿತು. ಅಂಕಿಯ ಮೇಲೆ ನಂಬಿಕೆ ಬಾರದೆ ಕಡ್ಡಿ ಬಿಚ್ಚಿ ಮತ್ತೆ ಸಿಕ್ಕಿಸಿದೆ. ತುಟಿಯ ಕಡೆಯಿಂದ ಹಿಡಿದೆ, ಪಕ್ಕದಿಂದ ಹಿಡಿದೆ. ಎಪ್ಪತ್ತು ದಾಟಿತ್ತು, ಇಳಿಸಿದ ದಿನಕ್ಕಿಂತ ಮೇಲಿತ್ತು. ನಾನು ಕನ್ನಡಿಯ ಹಿಡಿಯಿಂದ ತಟ್ಟಿದೆ. ಗಟ್ಟಿ ಸದ್ದು. ಆ ಸದ್ದು ನನ್ನ ಕಿವಿಗೆ ಗಾಳಿಯಲ್ಲಿ ಬಂತು. ಅವರಿಗೆ ಅವರದೇ ಮೂಳೆಯ ಮೂಲಕ ಹೋಗಿರಬೇಕು, ಏಕೆಂದರೆ ಕಣ್ಣು ಅಗಲವಾದವು.

"ತಲೆ ಒಳಗೆ ಕೇಳಿಸ್ತು ಮೇಡಂ" ಅಂದರು ಎದ್ದು ಕೂತು. "ಮೊದಲು ತಟ್ಟಿದಾಗ ಹಲ್ಲಿಗೆ ತಟ್ಟಿದ ಹಾಗಿತ್ತು. ಈಗ ನನಗೇ ತಟ್ಟಿದ ಹಾಗಿದೆ."

ಅಷ್ಟು ಜಗ್ಗಾಟದ ನಡುವೆ, ಅಷ್ಟು ತೆಳ್ಳಗಿನ ಮೂಳೆ, ಬಿಟ್ಟುಕೊಟ್ಟ ಕೈಯನ್ನು ಮತ್ತೆ ಚಾಚಿ ಲೋಹವನ್ನು ಹಿಡಿದುಕೊಂಡಿತ್ತು. ನಾನು ಅದಕ್ಕೆ ಮಾಡಿಕೊಟ್ಟದ್ದು ಒಂದು ತೂತು ಮಾತ್ರ.

ಶಾಶ್ವತ ಹಲ್ಲು ಕೂರಿಸುವ ದಿನ ಗೆಳತಿಯೂ ಜೊತೆಗೆ ಬಂದಿದ್ದರು, ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತಿದ್ದರು. ಹಲ್ಲು ಕೂರಿಸಿ, ಕನ್ನಡಿ ಕೊಟ್ಟೆ. ಇಷ್ಟರ ಮೇಲೂ ಈ ಹಲ್ಲಲ್ಲಿ ನೂಲು ಕಚ್ಚುವುದನ್ನು ಅಭ್ಯಾಸ ಮಾಡಿಕೊಳ್ಳಬಾರದು ಎಂದು ಗಟ್ಟಿಯಾಗಿ ಹೇಳಿದೆ, ಹೇಳುವುದು ನನ್ನ ಕರ್ತವ್ಯ. ಆಮೇಲೆ ಕೋಟಿನ ತೋಳನ್ನು ಮುಂದೆ ಚಾಚಿದೆ. ಹಿಂದಿನ ರಾತ್ರಿ ಆ ಗುಂಡಿಯನ್ನು ನಾನೇ ಹೊಸದಾಗಿ ಹೊಲಿದು, ಬೇಕೆಂದೇ ದಾರ ಬಿಟ್ಟಿದ್ದೆ.

"ಇದೊಂದೇ ಸಲ" ಅಂದೆ.

ಆಪಾ ನನ್ನ ಮುಖ ನೋಡಿದರು. ಎಡಗೈಯಲ್ಲಿ ನನ್ನ ಮಣಿಕಟ್ಟು ಹಿಡಿದರು, ದಾರವನ್ನು ಬೆರಳಿಗೆ ಸುತ್ತಿ ಬಿಗಿಮಾಡಿದರು, ಬಗ್ಗಿದರು. ತಿಂಗಳುಗಟ್ಟಲೆ ಹೇಳಿಸಿಕೊಂಡ ಬಾಯಿ ತಾನಾಗಿಯೇ ಬಲಗಡೆಗೆ ಹೋಯಿತು.

"ಈ ಪಕ್ಕ" ಅಂದರು ಗೆಳತಿ ಬಾಗಿಲ ಹತ್ತಿರದಿಂದ.

ಆಪಾ ನಿಂತರು. ದಾರ ಮೆಲ್ಲಗೆ ಎಡಗಡೆಗೆ ಸರಿಯಿತು. ನನ್ನ ತೋಳಿಗೆ ಒಂದು ಸಣ್ಣ ಜಗ್ಗು ತಾಗಿತು, ದಾರ ಕಡಿಯಿತು. ಅವರು ತಲೆ ಎತ್ತಿ ಗೆಳತಿಯ ಕಡೆ ತಿರುಗಿ ನಕ್ಕರು. ಎರಡು ಕೈಯೂ ಇನ್ನೂ ನನ್ನ ತೋಳಿನ ಮೇಲೆಯೇ ಇದ್ದವು.